ಮೂರು ತೂತಿನ ಮಡಕೆ

ನಮ್ಮ ಮಾವ ಮುನಿಆಂಜನಪ್ಪನವರು ಹೊರಮಾವಿನಲ್ಲಿದ್ದ ತಮ್ಮ ರಾಗಿ ಹೊಲವನ್ನು ಬಹಳ ವರ್ಷಗಳ ಹಿಂದೆ ಒಂದು ಸ್ಕೂಲಿನವರಿಗೆ ಮಾರಿದರು. ಈಗಲೂ ಅವರು ಆ ಗೇಟಿನ ಬಳಿ ಸುಮ್ಮನೆ ನಿಂತರೂ ಪ್ರಿನ್ಸಿಪಾಲರು ಎದ್ದು ಹೊರಗೆ ಬರುತ್ತಾರೆ. ನನ್ನ ಮಗ ಅಲ್ಲೇ ಆರನೇ ಕ್ಲಾಸು. ಅವನು ಕ್ಲಾಸಿಗೆ ಎರಡನೆಯವನಾಗಿ ಬಂದರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ನಮ್ಮ ಮನೆಯ ಮಾತೆಲ್ಲ ನನ್ನ ಓರಗಿತ್ತಿ ಶ್ವೇತಳ ಮಗಳು ನಿಖಿತಾಳ ಸುತ್ತಲೇ ಸುತ್ತುತ್ತದೆ. ಏಳು ವರ್ಷದ ಆ ಹುಡುಗಿ ಯಾವ ಸ್ಕೂಲಿಗೂ ಹೋಗುವುದಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸ್ಕೇಲು. ಯುಕೆಜಿಯಲ್ಲಿದ್ದಾಗ, ಬೇರೊಂದು ಸ್ಕೂಲಿನಲ್ಲಿ, ಹೇಳಿದ್ದಕ್ಕೆಲ್ಲ "ಯಾಕೆ" ಎನ್ನುತ್ತಾಳೆಂದು ಮಿಸ್ ಮಗುವಿನ ಅಂಗೈಗೆ ಹೊಡೆದರು. ಶ್ವೇತ ಮಾರನೆಯ ದಿನವೇ ಅವಳನ್ನು ಬಿಡಿಸಿಕೊಂಡು ಬಂದಳು. ತನ್ನ ಕೆಲಸವನ್ನೂ ಬಿಟ್ಟು, ಮಗಳಿಗೆ ಮನೆಯಲ್ಲೇ ಕಲಿಸಲು ಕೂತಳು. ಅವಳ ಶಾಲೆಗೆ ಎರಡೇ ಕಾನೂನು. ಮಗುವಿನ ಮೇಲೆ ಕೈ ಎತ್ತಬಾರದು, ಮಗುವಿನ "ಯಾಕೆ"ಗೆ ಉತ್ತರ ಕೊಡದೆ ಬಿಡಬಾರದು. ಇದು ಮನೆಯವರಿಗೆಲ್ಲ ಅನ್ವಯ. ನಮ್ಮ ಅತ್ತೆ ಚಿಕ್ಕಮುನಿಯಮ್ಮನವರಂತೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಮೊಮ್ಮಗಳು ಬರುವುದು ಕಂಡರೆ ದೇವರ ಕೋಣೆಗೆ ಹೋಗಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು.

ಮಾವನವರಿಗೆ ಇದು ಹಿಡಿಸಲಿಲ್ಲ. ಅವರ ಹೊಲದಲ್ಲಿ ಊರಿನ ಮಕ್ಕಳೆಲ್ಲ ಓದುತ್ತಿರುವಾಗ ಅವರ ಮೊಮ್ಮಗಳು ಮನೆಯಲ್ಲಿ ಕೂತಿದ್ದಾಳೆ ಎಂದರೆ ಅವರು ಯಾರಿಗೆ ಏನು ಹೇಳಬೇಕು? "ಬರೋ ಯುಗಾದಿವರ್ಗೂ ನೋಡ್ತೀನಿ. ಏನು ಕಲ್ತವ್ಳೆ ಅಂತ ನಂಗೆ ತೋರಿಸ್ಬೇಕು. ಮನಸ್ಸಿಗೆ ಬಂದ್ರೆ ಸರಿ, ಇಲ್ದಿದ್ರೆ ಜೂನ್‌ಗೆ ನಮ್ ಸ್ಕೂಲ್‌ಗೆ ಹಾಕೋದು," ಎಂದರು. ನಮ್ಮ ಮನೆಯಲ್ಲಿ ಅವರ ಮಾತೆಂದರೆ ಮುಗಿಯಿತು. ಶ್ವೇತಳ ಗಂಡ, ನನ್ನ ಮೈದುನ ಸುನಿಲ್ ಅಪ್ಪನೆದುರು ಇವತ್ತಿನವರೆಗೆ ಇಲ್ಲ ಎಂದವನೇ ಅಲ್ಲ. ಹಾಗಾಗಿ ಶ್ವೇತಳಿಗೆ ಉಳಿದದ್ದು ಯುಗಾದಿಯವರೆಗಿನ ಕಾಲ ಮಾತ್ರ.

ಆ ವರ್ಷ ತಾಯಿ ಮಗಳು ತಿರುಗದ ಜಾಗವಿಲ್ಲ. ಬಾಣಸವಾಡಿ ಸ್ಟೇಷನ್ನಿನಲ್ಲಿ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದರು. ಹಲಸೂರು ಕೆರೆಯ ಸುತ್ತ ನಡೆದು ಅದರ ನಕ್ಷೆ ಬರೆದರು. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚಕ್ಕೆ ಯಾವುದು, ಲವಂಗ ಯಾವುದು ಎಂದು ಮೂಸಿ ಹೇಳಿದರು. ನಾವು ಚಿಕ್ಕವರಿದ್ದಾಗ ಅಂಗಡಿಗೆ ಹೋಗಿ ಕೊತ್ತಂಬರಿ ತಂದರೆ ಅದು ಮನೆಗೆಲಸ. ನಿಖಿತಾ ತಂದರೆ ಆಕ್ಟಿವಿಟಿ. ನಾನಿದನ್ನು ಶ್ವೇತಳ ಮುಖಕ್ಕೇ ಹೇಳಿದ್ದೇನೆ, ಅವಳು ನಕ್ಕಿದ್ದಾಳೆ. ಅವಳಿಗೆ ಡ್ರೈವಿಂಗ್ ಬರುವುದಿಲ್ಲ. ನನಗೆ ವಿಮಾನಪುರದ ಆಫೀಸಿಗೆ ರಜೆಯಿದ್ದ ದಿನಗಳಲ್ಲಿ ಇವರ ಡ್ರೈವರ್ ನಾನೇ.

ಹಾಗೆಯೇ ಒಂದು ಶನಿವಾರ ಕಂಟೋನ್ಮೆಂಟ್ ಕಡೆಯ ಪಾಟರಿ ಟೌನಿಗೆ ಹೋದೆವು. ಶ್ವೇತಳ ಗುಂಪಿನ ಬುಷ್ರಾ ಎಂಬಾಕೆ ತನ್ನ ಇಬ್ಬರು ಮಕ್ಕಳನ್ನು ಕರೆತಂದಿದ್ದಳು. ಅವಳ ಮಕ್ಕಳೂ ಮನೆಯಲ್ಲೇ ಓದುವವರು. ಕುಂಬಾರರ ಮನೆಯ ಬಾಲಮ್ಮ ಎಂಬ ವಯಸ್ಸಾದ ತಮಿಳು ಹೆಂಗಸು ಮಕ್ಕಳ ಮುಂದೆ ಒಂದೊಂದು ಮುದ್ದೆ ಜೇಡಿಮಣ್ಣು ಇಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. "ತುಮೇ ಬೀ ಹಾತ್ ಡಾಲೋ ಸುಕನ್ಯಾ, ಉಗುರು ಹೋದ್ರೆ ಮತ್ತೆ ಬರತ್ತೆ," ಎಂದಳು ಬುಷ್ರಾ. ನಾನು ಮಣ್ಣಿಗೆ ಕೈ ಹಾಕಲಿಲ್ಲ.

ಬುಷ್ರಾಳ ಮಕ್ಕಳು ಆನೆ ಮಾಡಿದರು. ನಿಖಿತಾ ಬಾಲಮ್ಮನ ಸಹಾಯದಿಂದ ತೆಂಗಿನಕಾಯಿ ಗಾತ್ರದ ಮಡಕೆ ಮಾಡಿದಳು. ಆಮೇಲೆ ಒಂದು ಕಡ್ಡಿ ತೆಗೆದುಕೊಂಡು ಅದರ ಹೊಟ್ಟೆಗೆ ಮೇಲೊಂದು, ನಡುವೆ ಒಂದು, ಕೆಳಗೊಂದು ತೂತು ಮಾಡಿದಳು. ಹಿಂದಿನ ವಾರ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಡಿ ನೋಡಿದ್ದ ಪ್ರಯೋಗ ಅದು. ನೀರಿನ ಭಾರ ಕೆಳಗೆ ಹೆಚ್ಚಿರುವುದರಿಂದ ಕೆಳಗಿನ ತೂತಿನ ನೀರು ಜೋರಾಗಿ ಚಿಮ್ಮುತ್ತದೆ. ಮಡಕೆಯಲ್ಲೂ ಹಾಗೇ ಆಗುತ್ತದಾ ಎಂದು ಅವಳಿಗೆ ನೋಡಬೇಕಿತ್ತು.

ಬಾಲಮ್ಮ ಮಡಕೆಯನ್ನು ನೋಡಿದರು. "ಮೂಣು ಬೇಡ ಪಾಪಾ. ಇನ್ನೊಂದು ಹಾಕು. ನಾಲು ಮಾಡು," ಎಂದರು.

"ಯಾಕೆ?" ಎಂದಳು ನಿಖಿತಾ.

ಬಾಲಮ್ಮ ಉತ್ತರ ಕೊಡದೆ ಬುಷ್ರಾಳ ಮಕ್ಕಳ ಆನೆಗೆ ಸೊಂಡಿಲು ಅಂಟಿಸಲು ಹೋದರು. ನಾಲ್ಕನೆಯದು ಬೇಕಿಲ್ಲ, ಪ್ರಯೋಗಕ್ಕೆ ಮೂರೇ ಸಾಕು ಎಂದಳು ನಿಖಿತಾ. ಶ್ವೇತಳಿಗೆ ಹೆಮ್ಮೆಯಾದದ್ದು ಅವಳ ಮುಖದಲ್ಲೇ ಕಂಡಿತು. ಕೆಲವು ವಾರಗಳ ಮೇಲೆ, ಸುಟ್ಟು ಕೆಂಪಾದ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ನಿಖಿತಾ ನನ್ನ ಕಾರಿನಲ್ಲಿ ಮನೆಗೆ ಬಂದಳು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಹೆಣ ಗೇಟು ದಾಟಿತೆಂದರೆ ನಾವು ಮನೆ ತೊಳೆಯಲು ನಿಲ್ಲುತ್ತೇವೆ. ಅಲ್ಲಿ ಗಂಡಸರು ಏನು ಮಾಡುತ್ತಾರೆಂದು ಗೊತ್ತಿಲ್ಲವೆಂದಲ್ಲ, ಕೇಳಿದ್ದೇವೆ, ಸಿನಿಮಾದಲ್ಲಿ ನೋಡಿದ್ದೇವೆ. ಆದರೆ ಕಣ್ಣಾರೆ ಕಾಣದ್ದು ಸಮಯಕ್ಕೆ ನೆನಪಿಗೆ ಬರುವುದಿಲ್ಲ. ನನಗೂ ಬರಲಿಲ್ಲ, ಶ್ವೇತಳಿಗೂ ಬರಲಿಲ್ಲ.

ಯುಗಾದಿಗೆ ಮುಂಚಿನ ಭಾನುವಾರ ಮಾವನವರು ಅಂಗಳದ ನಡುವೆ ಈಸಿಚೇರಿನಲ್ಲಿ ಕಾಲು ಚಾಚಿ ಕೂತರು. ಚಳಿಗಾಲದಲ್ಲಿ ಅವರ ಎದೆಗೆ ಸ್ಟೆಂಟು ಹಾಕಿಸಿಕೊಂಡು ಬಂದಿದ್ದೆವು. ಅಂದಿನಿಂದ ಅವರು ಸ್ವಲ್ಪ ಹೆಚ್ಚು ಹೊತ್ತು ಕಣ್ಣು ಮುಚ್ಚಿದರೂ ಮನೆಯಲ್ಲಿ ಯಾರಾದರೂ ಹೋಗಿ ಮಾತಾಡಿಸಿ ಬರುತ್ತಿದ್ದರು. ಅತ್ತೆ ಜಗಲಿಯ ಮೇಲೆ ಅವರೆಕಾಳು ಹಿದುಕುತ್ತಿದ್ದರು. ನಾನು ಮೊದಲ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಶ್ವೇತ ಕೆರೆಯ ನಕ್ಷೆ, ಎಲೆಗಳ ಚಾರ್ಟು ಎಲ್ಲ ಗೋಡೆಗೆ ಅಂಟಿಸಿ, ಮಾವನಿಗೆ ಮಜ್ಜಿಗೆ ತರಲು ಒಳಗೆ ಹೋದಳು. ನಾನು ಎಷ್ಟೇ ಗೇಲಿ ಮಾಡಲಿ, ಆ ದಿನ ಅವಳು ಗೆಲ್ಲಲಿ ಎಂದೇ ನನಗೂ ಇತ್ತು.

ಆದರೆ ನಿಖಿತಾ ಅಮ್ಮನಿಗಾಗಿ ಕಾಯಲಿಲ್ಲ. ತೂತುಗಳಿಗೆ ಬಟ್ಟೆಯ ಚೂರು ತುರುಕಿ, ಮಡಕೆಗೆ ನೀರು ತುಂಬಿ, ಅದನ್ನು ಎಡ ಹೆಗಲ ಮೇಲೆ ಹೊತ್ತು ಬಂದಳು.

"ತಾತ, ಅಲ್ಲಾಡ್ಬೇಡ. ಹಂಗೇ ಮಲ್ಕೊಂಡಿರು. ನಾನು ನಿನ್ ಸುತ್ತ ಬರ್ತೀನಿ. ಒಂದ್ ರೌಂಡಿಗೆ ಒಂದ್ ತೂತು. ಯಾವ್ ಗೆರೆ ದೂರ ಬೀಳುತ್ತೆ ನೋಡು," ಎಂದಳು.

ಮೊದಲು ಮೇಲಿನ ತೂತಿನ ಬಟ್ಟೆ ಎಳೆದಳು. ನೀರು ಸಣ್ಣಗೆ ಸುರಿಯಿತು. ಸಿಮೆಂಟಿನ ನೆಲದ ಮೇಲೆ ಒದ್ದೆ ಗೆರೆ ಎಳೆಯುತ್ತ ತಾತನನ್ನು ಒಂದು ಸುತ್ತು ಬಂದಳು. ನಾನು ನಗುತ್ತಾ ನೋಡುತ್ತಿದ್ದೆ. ಎರಡನೆಯ ತೂತಿನ ಬಟ್ಟೆ ಎಳೆದು ಮತ್ತೆ ಹೊರಟಾಗ ನನ್ನ ಕೈಯಲ್ಲಿದ್ದ ಕ್ಲಿಪ್ಪು ಕೈಯಲ್ಲೇ ಉಳಿಯಿತು. ಮಾವನವರ ಮುಖ ನೋಡಿದೆ. ಅವರಿಗೆ ಮೊದಲ ಸುತ್ತಿನಲ್ಲೇ ಗೊತ್ತಾಗಿತ್ತು ಎಂದು ಆಗ ತಿಳಿಯಿತು. ಅವರು ಅಲ್ಲಾಡದೆ ಮಲಗಿದ್ದರು, ಹೇಳಿದ ಹಾಗೆ. ಅತ್ತೆಯ ಮೊರದಿಂದ ಕಾಳೆಲ್ಲ ಚೆಲ್ಲಿ, ಬಾಯಿಂದ ಮಾತಲ್ಲದ ಒಂದು ಸದ್ದು ಹೊರಟಿತು.

ಆ ಸದ್ದಿಗೆ ಶ್ವೇತ ಓಡಿ ಬಂದಳು. ಮಜ್ಜಿಗೆ ಲೋಟ ಎಲ್ಲಿ ಬಿತ್ತೋ. ನಿಖಿತಾಳ ಕೈ ಮೂರನೆಯ ಬಟ್ಟೆಯ ಮೇಲಿತ್ತು. ಶ್ವೇತ ಹೋಗಿ ಅವಳ ಕೆನ್ನೆಗೆ ಬಾರಿಸಿದಳು. ಏಟು ಬಿದ್ದ ಜೋರಿಗೆ ಮಡಕೆ ಮಗುವಿನ ಹೆಗಲಿನಿಂದ ಹಿಂದಕ್ಕೆ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಸ್ಮಶಾನದಲ್ಲಿ ಕೊನೆಗೆ ಆಗಬೇಕಾದದ್ದೂ ಅದೇ. ಮಗು ಮಾಡದೆ ಉಳಿಸಿದ್ದನ್ನು ತಾಯಿಯೇ ಪೂರೈಸಿದ ಹಾಗಾಯಿತು.

ನಿಖಿತಾ ಅಳಲಿಲ್ಲ. ಹಿಂದೆ ತಿರುಗಿ ಚೂರುಗಳನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. "ಯಾಕೆ?" ಎಂದಳು.

ಶ್ವೇತ ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಳು. ಒಂದೇ ಗಳಿಗೆಯಲ್ಲಿ ಅವಳ ಶಾಲೆಯ ಎರಡು ಕಾನೂನೂ ಮುರಿದು ಬಿದ್ದಿದ್ದವು, ಅದೂ ಪರೀಕ್ಷೆ ಮಾಡಲು ಬಂದವರ ಎದುರೇ.

"ಮಗು ಏನೋ ಕೇಳ್ತಾ ಇದೆ," ಎಂದರು ಮಾವ. ಶ್ವೇತ ತಲೆ ಎತ್ತಲಿಲ್ಲ. ಅವರೇ ಮೊಮ್ಮಗಳನ್ನು ಹತ್ತಿರ ಕರೆದರು. "ನಾನು ಸತ್ತೋದಾಗ ನಿಮ್ ದೊಡ್ಡಪ್ಪ ಇಂಥದ್ದೇ ಒಂದು ಮಡಕೇಲಿ ನೀರು ತುಂಬ್ಕೊಂಡು ನನ್ ಸುತ್ತ ಮೂರು ಸುತ್ತು ಬರ್ತಾನೆ. ಸುತ್ತಿಗೊಂದು ತೂತು. ಆಮೇಲೆ ಹಿಂದಕ್ಕೆ ಬೀಳಿಸಿ, ತಿರುಗಿ ನೋಡ್ದೆ ಹೋಗ್ತಾನೆ. ನೀನೂ ಹಂಗೇ ಬಂದಿದ್ದು ಕಂಡು ನಿಮ್ಮಮ್ಮಂಗೆ ಭಯ ಆಯ್ತು."

ನಿಖಿತಾ ಯೋಚಿಸಿದಳು. "ನೀನೀಗ ಸತ್ತೋಗ್ತೀಯಾ?"

"ಮಡಕೆಯಿಂದ ಯಾರೂ ಸಾಯಲ್ಲ."

"ಅವತ್ತು ನೀರು ಎಲ್ಲಿ ಬಿತ್ತು ಅಂತ ನಿಂಗೆ ನೋಡಕ್ಕಾಗಲ್ಲ ಅಲ್ವಾ?"

"ಆಗಲ್ಲ."

"ಹಂಗಾದ್ರೆ ಈಗ್ಲೇ ನೋಡು. ಒಣಗೋಗುತ್ತೆ," ಎಂದಳು. ಮಾವನವರು ಈಸಿಚೇರಿನಿಂದ ಎದ್ದು, ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ, ತಮ್ಮ ಸುತ್ತ ಬಿದ್ದಿದ್ದ ಎರಡು ಒದ್ದೆ ಗೆರೆಗಳನ್ನು ನೋಡಿದರು. ಎರಡನೆಯದು ಹೆಚ್ಚು ದೂರ ಬಿದ್ದಿತ್ತು. ಹೌದು ಎಂದು ಒಪ್ಪಿಕೊಂಡರು. ಅತ್ತೆ ಮಾತ್ರ ಅಂಗಳಕ್ಕೆ ಅರಿಶಿನದ ನೀರು ಚಿಮುಕಿಸಿ, ಮೂವರಿಗೂ ದೃಷ್ಟಿ ತೆಗೆದರು.

ಸಂಜೆ ಶ್ವೇತ ಮಾವನವರ ಎದುರು ಬಂದು ನಿಂತಳು. ಅತ್ತು ಕಣ್ಣು ಊದಿತ್ತು. "ಮಾವ, ಸ್ಕೂಲಿಗೆ ಹೇಳ್ಬಿಡಿ. ಜೂನ್‌ಗೆ ಸೇರಿಸ್ತೀನಿ. ಹೊಡೀತಾರೆ ಅಂತ ತಾನೇ ಬಿಡ್ಸಿದ್ದು. ಈಗ ನಾನೇ ಹೊಡ್ದೆ," ಎಂದಳು.

"ನನ್ನ ಯಾಕೆ ಕೇಳ್ತೀಯ? ಏಟು ಬಿದ್ದಿರೋದು ಅವ್ಳಿಗೆ. ಅವ್ಳನ್ನೇ ಕೇಳು," ಎಂದರು ಮಾವ.

ಶ್ವೇತ ಕೇಳಿದಳು. ಮನೆಯಲ್ಲೇ ಇರುತ್ತೇನೆ, ಮಡಕೆ ಇನ್ನೊಂದು ಸಲ ಮಾಡಬೇಕು ಎಂದಳು ನಿಖಿತಾ. ಮಾವನವರು ಫೋನು ತೆಗೆದು ಪ್ರಿನ್ಸಿಪಾಲರಿಗೆ, ಮೊಮ್ಮಗಳಿಗೆಂದು ಇಡಿಸಿದ್ದ ಸೀಟು ಬೇರೆ ಯಾರಿಗಾದರೂ ಕೊಡಿ ಎಂದುಬಿಟ್ಟರು. ಅಷ್ಟಕ್ಕೇ ಮುಗಿಯಿತು. ನನಗೆ ನಿಜವಾಗಿ ಸಂತೋಷವಾಯಿತು, ಇನ್ನು ಮುಂದೆಯೂ ಡ್ರೈವರ್ ಕೆಲಸ ತಪ್ಪುವುದಿಲ್ಲ ಎಂದು ಗೊತ್ತಿದ್ದರೂ.

ಯುಗಾದಿ ಕಳೆದ ಮೇಲೆ ಮತ್ತೆ ಪಾಟರಿ ಟೌನಿಗೆ ಹೋದೆವು. ಶ್ವೇತ ದಾರಿಯುದ್ದಕ್ಕೂ ಹಗುರಾಗಿ ಮಾತಾಡುತ್ತಿದ್ದಳು. ಈ ಸಲ ಮೂರನೆಯ ತೂತನ್ನೂ ನೋಡಿಯೇ ಬಿಡೋಣ, ಯಾರು ಏನೆಂದರೂ ಸರಿ ಎಂದು ಮಗಳಿಗೆ ಹೇಳಿದಳು. ಬಾಲಮ್ಮ ಮಣ್ಣು ಕೊಟ್ಟರು. ನಿಖಿತಾ ಹಿಂದಿನದಕ್ಕಿಂತ ಚೆನ್ನಾಗಿ ಮಡಕೆ ಮಾಡಿದಳು. ಕಡ್ಡಿ ತೆಗೆದುಕೊಂಡು ಮೇಲೊಂದು, ನಡುವೆ ಒಂದು, ಕೆಳಗೊಂದು ತೂತು ಮಾಡಿದಳು. ಆಮೇಲೆ, ಯಾರೂ ಹೇಳದೆಯೇ, ಪಕ್ಕದಲ್ಲಿ ನಾಲ್ಕನೆಯದನ್ನು ಚುಚ್ಚಿದಳು.

"ಪ್ರಯೋಗಕ್ಕೆ ಮೂರೇ ಸಾಕಲ್ವಾ ಪುಟ್ಟಿ?" ಎಂದಳು ಶ್ವೇತ.

"ಸಾಕು," ಎಂದಳು ನಿಖಿತಾ, ತಲೆ ಎತ್ತದೆ. "ಆದ್ರೆ ನಿಂಗೆ ಭಯ ಆಗುತ್ತೆ."

ಬಾಲಮ್ಮ ಜಾಣೆ ಎಂದು ಅವಳ ತಲೆ ಸವರಿದರು. ಶ್ವೇತ ಮಗಳ ಪಕ್ಕ ನೆಲದ ಮೇಲೆ ಕೂತು, ಒಂದು ಚಿಟಿಕೆ ಜೇಡಿಮಣ್ಣು ತೆಗೆದುಕೊಂಡು, ಆ ನಾಲ್ಕನೆಯ ತೂತನ್ನು ಮುಚ್ಚಲು ನೋಡಿದಳು. ನಿಖಿತಾ ಅವಳ ಕೈ ಹಿಡಿದು ಪಕ್ಕಕ್ಕಿಟ್ಟಳು.