ಎಂಟರ ಜೋಡಿಗೆ ಒಂದು ಚಮಚ

"ವೈನಿ, ಆ ಚಮಚಾ ಬಿಡ್ರಿ, ವಾಟಗಾಲೆ ಹಾಕೂಣು! ಇದೇನ ಕೂಸಿಗಿ ಔಷಧ ಕುಡಸೂದೈತೇನ್ರಿ?"

ಕೈಯ ಬಟ್ಟಲನ್ನು ತೋರಿಸಿ ಅಮಿತ ತನ್ನ ಮಾತಿಗೆ ತಾನೇ ನಕ್ಕ. ರೂಪಾಲಿ ನಗಲಿಲ್ಲ.

"ಮೊದ್ಲ ಮಾತಾಗೇತಿ. ಒಂದ ಸಲಕ್ಕ ಒಂದ ಚಮಚಾ."

ಮೂರೆಲೆ ಆಟದಲ್ಲಿ ಈ ಮೈದುನನ ಬಂಡವಾಳವೆಲ್ಲ ದುಪ್ಪಟ್ಟು ಏರಿಸುವುದರಲ್ಲಿತ್ತು. ಕೈಯಲ್ಲಿ ಏನಿಲ್ಲದಿದ್ದರೂ ಏರಿಸಿ ಏರಿಸಿ ಎದುರಿನವರನ್ನು ಓಡಿಸುತ್ತಿದ್ದ. ಅದಕ್ಕೇ ಅವನು ಮೊಬೈಲಿನಲ್ಲಿ ಕಲಿತುಬಂದ ಈ ಹೊಸ ಆಟಕ್ಕೆ ರೂಪಾಲಿ ಚಮಚದ ಕಟ್ಟು ಹಾಕಿದ್ದಳು. ಕೈಯಲ್ಲಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ; ಎರಡೂ ಕೂಡಿಸಿ ದೊಡ್ಡ ಜೋಡಿ ಮಾಡಿದವರದು ಗೆಲುವು. ಪಣಕ್ಕೆ ದ್ರಾಕ್ಷಿ ಒಣಗಿಸುವ ಮನೆಯ ಶೆಡ್ಡಿನದೇ ಮಣೂಕ. ಗೆದ್ದವರು ತಾಸಗಾಂವದ ಹರಾಜಿಗೆ ಮಾಲು ಒಯ್ಯಬೇಕು. ಹೋದ ವರ್ಷ ಅಮಿತ ಹೋಗಿ, ದಲಾಲ "ಮಾಲ ಕರ್ರಗೈತಿ" ಎಂದದ್ದಕ್ಕೆ ತಲೆಯಾಡಿಸಿ, ಅವನು ಹೇಳಿದ ದರಕ್ಕೇ ಕೊಟ್ಟು ಬಂದಿದ್ದ. ಆ ಮಾಲನ್ನು ಕೂತು ಆರಿಸಿದವಳು ರೂಪಾಲಿ. ಈ ಸಲ ತಾನೇ ಹೋಗಿ ಬಾಯಿ ತೆರೆಯಬೇಕೆಂದು ಹಟ ಹಿಡಿದಿದ್ದಳು.

ಇದು ಕೊನೆಯ ಕೈ. ಅತ್ತಿಗೆ-ಮೈದುನ ಇಬ್ಬರ ಮಣೂಕದ ಗುಡ್ಡೆಯೂ ಸರಿಸಮ. ಮಾವ ಮುರಗೆಪ್ಪನವರು ಹೊತ್ತು ಹೋಗಲೆಂದು ಆಟಕ್ಕೆ ಕೂತವರು, ಪಣದ ಮಣೂಕವನ್ನೇ ಮೆಲ್ಲುತ್ತಿದ್ದರು.

ರೂಪಾಲಿಗೆ ಎಂಟರ ಜೋಡಿ ಬಂತು. ನಡುವೆ ಮೊದಲ ಮೂರೆಲೆ ಬಿಚ್ಚಿದರು: ರಾಜಾ, ಆರು, ಮೂರು. ಯಾರ ಕೈಯಲ್ಲಾದರೂ ಇನ್ನೊಂದು ರಾಜಾ ಇದ್ದರೆ ಎಂಟರ ಕತೆ ಮುಗಿಯಿತು.

"ನಂದೊಂದು," ಎಂದ ಅಮಿತ.

ತಾನೂ ಒಂದೇ ಹಾಕಿದರೆ ಮಾವನೂ ಒಂದು ಹಾಕಿ ಕೂರುತ್ತಾರೆ. ಅವರ ಕೈಯ ದೊಡ್ಡೆಲೆಗೆ ಮುಂದೆ ಜೊತೆ ಸಿಕ್ಕರೆ? ಅವರನ್ನು ಈಗಲೇ ಆಟದಿಂದ ಎಬ್ಬಿಸಬೇಕು.

"ಅದರ ಮ್ಯಾಲ ನಂದೊಂದು."

"ಎರಡ ಚಮಚಾನ? ಬ್ಯಾಡವಾ, ತಿನ್ನಾಕರ ಉಳೀಲಿ," ಎಂದು ಮುರಗೆಪ್ಪನವರು ಎಲೆ ಬೋರಲು ಹಾಕಿದರು. ಅಮಿತ ಕಡಿಮೆ ಬಿದ್ದ ಚಮಚ ಸೇರಿಸಿದ, ತಿರುಗಿ ಏರಿಸಲಿಲ್ಲ. ರಾಜಾ ಇದ್ದಿದ್ದರೆ ಇವನು ಇಷ್ಟಕ್ಕೇ ಸುಮ್ಮನಾಗುವ ಗಿರಾಕಿಯೇ?

ನಡುವಿನ ನಾಲ್ಕನೆಯ ಎಲೆ ಎರಡು. ಅಮಿತ ಚಮಚ ಹಾಕಿದ, ಅವಳೂ ಹಾಕಿದಳು. ಐದನೆಯದು ರಾಣಿ.

"ಅಯ್ಯಯ್ಯ! ನನ್ನ ಕಡೆ ರಾಣಿ ಇದ್ಳಲ್ಲಬೇ!" ಮುರಗೆಪ್ಪನವರು ತೊಡೆ ಬಡಿದುಕೊಂಡರು.

ಅಮಿತ ಚಮಚವನ್ನು ಟಣ್ಣೆಂದು ಕುಟ್ಟಿ ಸುರಿದ. "ಬಿಡ್ರಿ ವೈನಿ. ರಾಜಾ-ರಾಣಿ ಇಬ್ರೂ ಬಂದ ಕುಂತಾರ."

ಎದುರಿಗೆ ವಾಟಗಾ ಇದ್ದಿದ್ದರೆ ಅವಳೂ ಎಲೆ ಬೋರಲು ಹಾಕುತ್ತಿದ್ದಳೋ ಏನೋ. ಇದ್ದದ್ದು ಚಮಚ. ತುಂಬಿ ಸುರಿದಳು.

"ತಗೀ, ನೋಡೂಣು."

ಅಮಿತನ ಕೈಯಲ್ಲಿದ್ದದ್ದು ಎಕ್ಕಾ, ಒಂಬತ್ತು. ಯಾವುದಕ್ಕೂ ಜೊತೆಯಿಲ್ಲ. ರೂಪಾಲಿ ತನ್ನೆರಡು ಎಂಟನ್ನೂ ಪಕ್ಕದಲ್ಲಿಟ್ಟಳು.

"ಎಂಟ ಹಿಡ್ಕೊಂಡ ಇಷ್ಟೊತ್ತ ಕುಂತಿದ್ರೇನ್ರಿ?"

"ಬರೇ ಕುಂತಿದ್ದಿಲ್ಲೋ. ಮಾವಾರನ್ನ ಎಬ್ಬಿಸಿ ಕುಂತಿದ್ನಿ."

"ನನ್ನ ಸುದ್ದಾ ಎಬ್ಬಸ್ಯಾಳಲೇ!" ಮುರಗೆಪ್ಪನವರು ಕೆಮ್ಮುವಷ್ಟು ನಕ್ಕರು. "ಆ ದಲಾಲನ ಗತಿ ಏನೋ!"

ಅಮಿತ ಎದ್ದು ಅಂಗಳಕ್ಕೆ ಹೋಗಿ, ಮಾಲು ತುಂಬಿ ನಿಂತಿದ್ದ ಪಿಕಪ್ಪಿನ ಮುಂದಿನ ಸೀಟಿನ ಮೇಲೆ ಮೊದಲೇ ಇಟ್ಟಿದ್ದ ತನ್ನ ಚೀಲವನ್ನು ಕೆಳಗಿಳಿಸಿದ.