ಕೆಟ್ಟದ್ದೇನಿಲ್ಲ

"ನೀರು ಕುಡಿದ್ಯಲ್ಲ? ಇಲ್ಲೆಲ್ಲ ತಣ್ಣಗಿದೆ, ಎಲ್ರೂ ಕ್ಷೇಮ. ದಾರಿ ಮೇಲಿಂದ ಬಂದೋನು ನೀನು. ಏನು ಸಮಾಚಾರ, ಹೇಳು," ಎಂದಳು ಅಮ್ಮ, ಮಂಚದ ಮೇಲೆ ಒರಗಿಕೊಂಡೇ.

ಬ್ರೆಂಪಾಂಗ್ ಲೋಟ ಕೆಳಗಿಟ್ಟ. ತಂದ ಸಮಾಚಾರ ಒಂದೇ: ತಂಗಿ ಅಬೆನಾ ನಿನ್ನೆ ಕುಮಾಸಿ ರಸ್ತೆಯಲ್ಲಿ ವ್ಯಾನು ಮಗುಚಿ ಸತ್ತಿದ್ದಳು. ಅದನ್ನು ಹೇಳಕೂಡದೆಂದು ಅಂಗಳದಲ್ಲೇ ತಡೆದಿದ್ದವನು ಸಾರ್ಪಾಂಗ್ ಮಾವ, ಅಮ್ಮನ ಅಣ್ಣ, ಮನೆತನಕ್ಕೆ ಹಿರಿಯ.

"ನಿಮ್ಮಮ್ಮನ ಹೃದಯ ತಡ್ಕೊಳಲ್ಲ ಅಂತ ಡಾಕ್ಟ್ರು ಹೇಳಿಲ್ವ? ಮಣ್ಣು ಮಾಡೋದು ನಾವು ನೋಡ್ಕೋತೀವಿ. ನಿನ್ನ ಕಾಲೇಜಿನ ಸತ್ಯ ಕಾಲೇಜಲ್ಲೇ ಇರ್ಲಿ."

ಕಾಲೇಜಿನಲ್ಲಿ ಅವನು ಕಲಿಸುತ್ತಿದ್ದುದು ನೀತಿಶಾಸ್ತ್ರ. ಫಲ ನೋಡಿ ಕೆಲಸದ ಒಳಿತು ಕೆಡುಕು ಅಳೆಯಬೇಕು ಎನ್ನುವವರು ಒಂದು ಕಡೆ. ಫಲ ಏನೇ ಆಗಲಿ, ಸುಳ್ಳು ಹೇಳಿದರೆ ಎದುರಿಗಿದ್ದವರನ್ನು ಮನುಷ್ಯರೆಂದು ಎಣಿಸಿದಂತಾಗಲಿಲ್ಲ ಎನ್ನುವವರು ಇನ್ನೊಂದು ಕಡೆ. "ನಿಜ ಹೇಳಿದ್ರೆ ಒಬ್ರು ಸತ್ತೇಹೋಗ್ತಾರೆ ಅಂದ್ರೆ, ಸರ್?" ಎಂದು ಹುಡುಗಿಯೊಬ್ಬಳು ಕೇಳಿದಾಗ, ಒಳ್ಳೆಯ ಪ್ರಶ್ನೆ ಎಂದು ನಕ್ಕು ಎರಡೂ ವಾದಗಳನ್ನು ಚೆಂದವಾಗಿ ಬಿಡಿಸಿಟ್ಟಿದ್ದ. ಆ ನಗು ನೆನೆದು ಈಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಕೆಟ್ಟದ್ದೇನಿಲ್ಲಮ್ಮ," ಎಂದ.

ಅಮ್ಮ ತಲೆಯಾಡಿಸಿದಳು. ಆ ಸೀಮೆಯಲ್ಲಿ ಯಾವ ಸುದ್ದಿಯಾದರೂ ಶುರುವಾಗುವುದು ಹಾಗೆಯೇ. ಮನೆ ಸುಟ್ಟುಕೊಂಡು ಬಂದವನೂ ಕೆಟ್ಟದ್ದೇನಿಲ್ಲ ಎಂದೇ ಬಾಯಿ ಬಿಡುತ್ತಾನೆ. ನಿಜವಾದ ಸಂಗತಿ ಬರುವುದು ಆಮೇಲೆ. ಅವಳು ಕಾದಳು.

"ಹೂಂ. ಮುಂದೆ?"

"ಅಷ್ಟೇ. ನಿನ್ನ ನೋಡ್ಬೇಕು ಅನ್ನಿಸ್ತು."

"ಪಾಠ ಬಿಟ್ಟು, ವಾರದ ಮಧ್ಯ?" ಅಮ್ಮನ ಧ್ವನಿ ಗಟ್ಟಿಯಾಯಿತು. "ಯಾರು ಹೋದ್ರು?"

"ಸುಮ್ನಿರೇ, ಹುಡುಗ ದಣಿದು ಬಂದಿದಾನೆ," ಎಂದ ಬಾಗಿಲಲ್ಲಿದ್ದ ಮಾವ.

"ನಿನ್ನ ಕೇಳ್ಲಿಲ್ಲ ಅಣ್ಣ." ಅವಳ ಕಣ್ಣು ಮಗನ ಮೇಲೇ ಇತ್ತು. "ನಿನ್ನ ತಮ್ಮನಾ?"

"ಇಲ್ಲಮ್ಮ, ಅವನು ಚೆನ್ನಾಗಿದಾನೆ."

"ಅಬೆನಾನಾ?"

ಇನ್ನೊಂದು ಸಲ ಇಲ್ಲ ಎಂದಿದ್ದರೆ ಸಾಕಿತ್ತು. ಅವನು ನೆಲ ನೋಡಿದ.

ಅಮ್ಮ ಚೀರಲಿಲ್ಲ. ಎದೆ ಒತ್ತಿಕೊಂಡು ಬಹಳ ಹೊತ್ತು ಉಸಿರಿಗಾಗಿ ಹೆಣಗಿದಳು. ಮಾವ ಓಡಿಬಂದು, "ಕೊಂದೆಯಲ್ಲೋ!" ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದ. ಉಸಿರು ಮರಳಿದಾಗ ಅವಳು ಮಗನಿಗೆ ಹೇಳಿದಳು:

"ನಾನಿಲ್ದೇನೇ ಅವಳನ್ನ ಮಣ್ಣಿಗಿಡ್ತಿದ್ರೇನೋ?"

ಶೋಕದ ಕಪ್ಪು ಬಟ್ಟೆ ಉಟ್ಟುಕೊಳ್ಳಬೇಕೆಂದು ಮಂಚದಿಂದ ಇಳಿದಳು. ಬ್ರೆಂಪಾಂಗ್ ತೋಳು ಹಿಡಿದು ಆಸರೆಯಾಗಲು ಹೋದ. ಅವಳು ಅವನ ಕೈ ಬಿಡಿಸಿ, ಗೋಡೆ ಹಿಡಿದುಕೊಂಡು ಒಳಗೆ ನಡೆದಳು.