ಸೈಕಲ್ಲಿಗೆ ಸವರಿದ ಕೊಬ್ಬರಿ ಎಣ್ಣೆ

ಪುಷ್ಯ ಮಾಸ. ಊರ ಕಣಗಳಲ್ಲೆಲ್ಲ ಬತ್ತದ ಒಕ್ಕಲಾಟ ನಡೆದಿತ್ತು. ಇಬ್ಬನಿಗೆ ಹುಲ್ಲು ನೆನೆದು ತೊಪ್ಪೆಯಾಗುತ್ತಿದ್ದುದರಿಂದ ಬಿಸಿಲು ಏರುವವರೆಗೆ ಯಾರೂ ಕಣಕ್ಕೆ ಇಳಿಯುತ್ತಿರಲಿಲ್ಲ. ಕೆರೆಕೊಪ್ಪದ ಲೋಕಮ್ಮ ಕೂಲಿಗೆ ಹೊರಡುವ ಮುಂಚೆ ಒಲೆ ಹೊತ್ತಿಸಿ, ಕೊಬ್ಬರಿ ಎಣ್ಣೆಯ ಸೀಸೆಯನ್ನು ಒಲೆಕಟ್ಟೆಯ ಮೇಲೆ ಇಟ್ಟಳು. ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಕರಗಿದ ಮೇಲೇ ತಲೆ ಬಾಚಿಕೊಳ್ಳಬೇಕು.

ಅಂಗಳದಲ್ಲಿ ಅವಳ ಗಂಡ ಉಚ್ಚಂಗಪ್ಪ ರೊಟ್ಟಿ ಗಂಟನ್ನು ಹ್ಯಾಂಡಲಿಗೆ ಸಿಕ್ಕಿಸಿ ಸೈಕಲ್ ಹತ್ತಿದ. ಹತ್ತಿದವನು ಅಂಗಳ ದಾಟಲಿಲ್ಲ. ಪೆಡಲು ಬರಿದೇ ಗಿರಗಿರನೆ ತಿರುಗಿತು, ಹಿಂದಿನ ಚಕ್ರ ಮಾತ್ರ ಅಲ್ಲಾಡಲಿಲ್ಲ. ಇಳಿದು ಚೈನು ನೋಡಿದ. ಚೈನು ಬಿದ್ದಿರಲಿಲ್ಲ. ಬೈದುಕೊಳ್ಳುತ್ತ ಸೈಕಲ್ಲನ್ನು ತಳ್ಳಿಕೊಂಡೇ ಹೊರಟ.

ಅಂದು ಸೋಮವಾರ. ಹಿಂದಿನ ಸೋಮವಾರವೂ ಹೀಗೇ ಆಗಿತ್ತು.

ಆನವಟ್ಟಿ ಅವರೂರಿಗೆ ಆರು ಮೈಲಿ. ಅಲ್ಲಿ ಹೊಸದಾಗಿ ಶುರುವಾದ ಅಕ್ಕಿ ಗಿರಣಿಯಲ್ಲಿ ಉಚ್ಚಂಗಪ್ಪನಿಗೆ ತೂಕ ಮಾಡುವ ಕೆಲಸ ಸಿಕ್ಕಿತ್ತು. ಸಂಕ್ರಾಂತಿಯವರೆಗೆ ನೋಡುತ್ತೇವೆ, ಸರಿಹೋದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಏಳು ಗಂಟೆಗೆ ತಕ್ಕಡಿಯ ಹತ್ತಿರ ಇರಬೇಕು. ಬಸ್ಸು ಬರುವುದೇ ಒಂಬತ್ತಕ್ಕೆ. ಹಾಗಾಗಿ ಲೋಕಮ್ಮನ ಬೆಂಡೋಲೆ ಮಾರಿ ಹಳೇ ಸೈಕಲ್ಲೊಂದನ್ನು ತಂದರು. ಕೆಲಸ ಕಾಯಂ ಆದ ವರ್ಷವೇ ಬೆಂಡೋಲೆ ಮಾಡಿಸಿಕೊಡುವುದಾಗಿ ಉಚ್ಚಂಗಪ್ಪ ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ನಿಂತು ಮಾತು ಕೊಟ್ಟಿದ್ದ. ಕಿವಿಯ ತೂತು ಮುಚ್ಚದಿರಲೆಂದು ಲೋಕಮ್ಮ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಳು.

ಸೈಕಲ್ಲನ್ನು ಉಚ್ಚಂಗಪ್ಪ ಕಡೆಗಣಿಸುತ್ತಿದ್ದ ಎಂದು ಯಾರೂ ಹೇಳುವಂತಿರಲಿಲ್ಲ. ಅವನ ಅಪ್ಪ ಎತ್ತು ಸಾಕಿದಂತೆಯೇ ಅವನು ಸೈಕಲ್ ಸಾಕಿದ. ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಿಂದಿನ ಸಂಜೆಯೇ ಅಪ್ಪ ಎತ್ತುಗಳನ್ನು ಕೆರೆಗೆ ಇಳಿಸಿ, ಮೈ ತಿಕ್ಕಿ, ಕೊಂಬಿಗೆ ಎಣ್ಣೆ ಸವರುತ್ತಿದ್ದ. ಈಗ ಮನೆಯಲ್ಲಿ ಎತ್ತಿರಲಿಲ್ಲ. ಪ್ರತಿ ಭಾನುವಾರ ಸಂಜೆ ಉಚ್ಚಂಗಪ್ಪ ಸೈಕಲ್ಲನ್ನೇ ಕೆರೆಗೆ ಇಳಿಸುತ್ತಿದ್ದ. ಅಚ್ಚು ಮುಳುಗುವವರೆಗೆ ನೀರಲ್ಲಿ ನಿಲ್ಲಿಸಿ ಹುಲ್ಲಿನಲ್ಲಿ ತಿಕ್ಕುತ್ತಿದ್ದ. ಆಮೇಲೆ ಹ್ಯಾಂಡಲಿಗೆ ವಿಭೂತಿ ಬಳಿದು, ಚೈನಿಗೂ ಹಿಂದಿನ ಹಲ್ಲುಚಕ್ರದ ಸಂದಿಗೂ ಕೊಬ್ಬರಿ ಎಣ್ಣೆ ಧಾರಾಳವಾಗಿ ಹೊಯ್ದು, ಇಬ್ಬನಿ ಬೀಳುವ ಸೂರಿನಂಚಿನ ಕಂಬಕ್ಕೆ ಒರಗಿಸುತ್ತಿದ್ದ.

ಆ ಸೋಮವಾರ ಅವನು ಎರಡು ಮೈಲಿ ತಳ್ಳಿದ ಮೇಲೆ ಬಿಸಿಲು ಬಿತ್ತು, ಪೆಡಲು ತಾನಾಗಿ ಹಿಡಿಯಿತು. ಗಿರಣಿ ಸೇರುವಾಗ ಎಂಟಾಗಿತ್ತು. ಗಿರಣಿಯ ಮೇಸ್ತ್ರಿ ಪರಮಶಿವಪ್ಪ ಎಲ್ಲರೆದುರೇ ಕೇಳಿದ:

“ಸೋಮವಾರ ಎತ್ತಿಗೆ ರಜಾ ಅನ್ನೋದು ನಂಗೂ ಗೊತ್ತು ಕಣಯ್ಯ. ನಿಂಗೂ ರಜಾ ಅಂತ ಯಾರು ಹೇಳಿದ್ರು?”

ಹಮಾಲರು ನಕ್ಕರು. ಇನ್ನೊಂದು ದಿನ ತಡವಾದರೆ ಬರುವುದೇ ಬೇಡ ಎಂದು ಪರಮಶಿವಪ್ಪ ಹೇಳಿ ಮುಗಿಸಿದ.

ಸಂಜೆ ಉಚ್ಚಂಗಪ್ಪ ಪೇಟೆಯ ಸೈಕಲ್ ಶಾಪಿನ ಕೆಂಪಪ್ಪನಿಗೆ ಸೈಕಲ್ ತೋರಿಸಿದ. ಕೆಂಪಪ್ಪ ಬೆರಳಿಂದ ಚೈನು ಸವರಿ, ಮೂಸಿ ನೋಡಿ, ಇದನ್ನು ಬಿಚ್ಚಿ ತೊಳೆಯಬೇಕು, ಕೊಬ್ಬರಿ ಎಣ್ಣೆ ಹಾಕಬಾರದು, ಮಿಶನ್ ಎಣ್ಣೆಯೇ ಆಗಬೇಕು, ಕೆರೆಗಂತೂ ಇಳಿಸಲೇಬಾರದು ಎಂದ. ಉಚ್ಚಂಗಪ್ಪ ಆಗಲಿ ಎಂದು ತಲೆಯಾಡಿಸಿ ಮನೆಗೆ ಬಂದು, ಅಂಗಡಿಯವನಿಗೆ ತನ್ನ ಎಣ್ಣೆ ಖರ್ಚಾಗಬೇಕಲ್ಲ ಎಂದು ನಕ್ಕ.

ಲೋಕಮ್ಮ ನಗಲಿಲ್ಲ. ಮುಂದಿನ ಭಾನುವಾರ ಸಂಜೆ ಅವನು ಎಣ್ಣೆಗೆ ಕೈಚಾಚಿದಾಗ ಅವಳು ಸೀಸೆ ಕೊಡದೆ ಹಿಡಿದುಕೊಂಡಳು.

“ರೀ, ದಿನಾ ಬೆಳಿಗ್ಗೆ ಇದನ್ನ ಒಲೆ ಹತ್ರ ಇಡ್ತೀನಿ. ಇಲ್ದಿದ್ರೆ ಸೀಸೆ ಬೋರಲು ಹಾಕಿದ್ರೂ ಒಂದು ತೊಟ್ಟು ಬೀಳಲ್ಲ. ಸೈಕಲ್ ಒಳಗೆ ಹೋದ ಎಣ್ಣೆ ಮಾತ್ರ ಹೆಂಗೆ ಕರಗಿರುತ್ತೆ? ಅದಕ್ಕೆ ಯಾರು ಒಲೆ ಹಚ್ತಾರೆ?”

“ತಲೆಗೆ ಹಾಕೋ ಎಣ್ಣೆ ಮಾತು ನೀ ಆಡು,” ಎಂದ ಉಚ್ಚಂಗಪ್ಪ. “ಗಾಡಿ ಮಾತು ನಂಗೆ ಬಿಡು.”

ಅವಳು ಸೀಸೆ ಕೊಟ್ಟಳು. ಆಮೇಲೆ ಬಹಳ ದಿನ ಅವಳನ್ನು ಕಾಡಿದ್ದು ಅದೇ, ಸೀಸೆ ಕೊಟ್ಟದ್ದು.

ಮರುದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರುಮನೆಯ ಬಾಗಿಲು ಕಾಣುತ್ತಿರಲಿಲ್ಲ. ತಡವಾಗಬಾರದೆಂದು ಉಚ್ಚಂಗಪ್ಪ ಐದೂವರೆಗೇ ಎದ್ದು ಸೈಕಲ್ ಹತ್ತಿದ. ಪೆಡಲು ಬರಿದೇ ತಿರುಗಿತು. ತುಳಿದ, ಇಳಿದ, ಚಕ್ರವನ್ನು ನೆಲಕ್ಕೆ ಕುಟ್ಟಿದ, ಮತ್ತೆ ಹತ್ತಿದ. ಹೀಗೇ ಅರ್ಧ ಗಂಟೆ ಕಳೆಯಿತು. ಲೋಕಮ್ಮ ಕೆಂಡದ ಬಾಂಡಲಿ ತಂದು ಹಿಂದಿನ ಚಕ್ರದ ಕೆಳಗಿಟ್ಟಳು. ಇಟ್ಟವಳ ಮುಖ ನೋಡಲಾರದೆ ಅವನು ಕಾಯದೆ ತಳ್ಳಿಕೊಂಡು ಓಡಿದ. ಸೈಕಲ್ಲನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಓಡಿದ್ದರೆ ಇನ್ನೂ ಬೇಗ ಸೇರುತ್ತಿದ್ದನೇನೋ.

ಗಿರಣಿಯಲ್ಲಿ ಏಳು ಹೊಡೆದು ಇಪ್ಪತ್ತು ನಿಮಿಷವಾಗಿತ್ತು. ತಕ್ಕಡಿಯ ಹತ್ತಿರ ಜಯಪ್ಪ ನಿಂತಿದ್ದ. ಅವನು ಕೆರೆಕೊಪ್ಪದವನೇ, ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ಅವನ ಹತ್ತಿರ ಸೈಕಲ್ ಇರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ದಿನವೂ ಆರು ಮೈಲಿ ನಡೆದು ಬರುತ್ತಿದ್ದ. ಉಚ್ಚಂಗಪ್ಪನನ್ನು ಕಂಡು ತಲೆ ತಗ್ಗಿಸಿದ. ಪರಮಶಿವಪ್ಪ ಬೈಯಲೂ ಇಲ್ಲ, ತೂಕದ ಕೆಲಸ ಇನ್ನು ಜಯಪ್ಪನದು ಎಂದಷ್ಟೇ ಹೇಳಿದ. ಬೈದಿದ್ದರೆ ಬೇಡಿಕೊಳ್ಳಲು ದಾರಿಯಾದರೂ ಇರುತ್ತಿತ್ತು.

ಸಂತೆಯ ದಿನ ಲೋಕಮ್ಮ ಗಂಡನನ್ನು ಕರೆದುಕೊಂಡು ಕೆಂಪಪ್ಪನ ಅಂಗಡಿಗೆ ಹೋದಳು. ಕೆಂಪಪ್ಪ ಹಿಂದಿನ ಹಲ್ಲುಚಕ್ರವನ್ನು ಬಿಚ್ಚಿ ಗೋಣಿಯ ಮೇಲೆ ಇಟ್ಟ. ಒಳಗೆ ಹೆಪ್ಪುಗಟ್ಟಿದ ತುಪ್ಪದಂಥ ಎಣ್ಣೆ, ಅದರಲ್ಲಿ ಬತ್ತದ ಹೊಟ್ಟು, ಕೆರೆಯ ಕೆಸರು, ತುಕ್ಕು.

“ನೋಡಿ ಅಕ್ಕಾರೆ,” ಎಂದ ಕೆಂಪಪ್ಪ, ಒಳಗಿನ ಎರಡು ಸಣ್ಣ ಉಕ್ಕಿನ ನಾಲಿಗೆಗಳನ್ನು ಕಡ್ಡಿಯಿಂದ ತೋರಿಸುತ್ತ. “ಇವು ಎದ್ದು ಕಚ್ಚಿದ್ರೆ ಚಕ್ರ ತಿರುಗುತ್ತೆ. ನಿಮ್ಮೆಣ್ಣೆ ಇವನ್ನ ಮಲಗಿಸಿಬಿಟ್ಟಿದೆ. ತುಳಿದೋನು ಏನು ಮಾಡ್ಯಾನು?”

“ಬಿಸಿಲು ಬಿದ್ದ ಮೇಲೆ ಸರಿಹೋಗ್ತಿತ್ತು,” ಎಂದ ಉಚ್ಚಂಗಪ್ಪ.

“ಬಿಸಿಲು ಬೀಳೋತನಕ ಗಿರಣಿ ಕಾಯುತ್ತೇನು?” ಎಂದಳು ಲೋಕಮ್ಮ.

ಕೆಂಪಪ್ಪ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮಿಶನ್ ಎಣ್ಣೆಯನ್ನು ಎಣಿಸಿ ನಾಲ್ಕು ತೊಟ್ಟು ಬಿಟ್ಟ. ಲೋಕಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಒಂದು ಸಣ್ಣ ಸೀಸೆ ಮಿಶನ್ ಎಣ್ಣೆಗೆ ಇಪ್ಪತ್ತೈದು ನಯಾಪೈಸೆ. ಚಳಿಗಾಲವೆಲ್ಲ ಬರುತ್ತದೆ.

ಈಗ ಭಾನುವಾರ ಸಂಜೆ ಉಚ್ಚಂಗಪ್ಪ ಕೆರೆಯ ಕಡೆ ಹೋಗುವುದಿಲ್ಲ. ಸೈಕಲ್ ರಾತ್ರಿ ನಡುಮನೆಯಲ್ಲೇ ನಿಲ್ಲುತ್ತದೆ. ಎಣ್ಣೆ ಬಿಡುವುದು ಲೋಕಮ್ಮ. ಸೋಮವಾರ ಗಿರಣಿಯ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವವನು ಉಚ್ಚಂಗಪ್ಪನೇ. ಜಯಪ್ಪ ಬಿಟ್ಟ ಹಮಾಲಿ ಕೆಲಸ ಅವನದಾಗಿದೆ. ಅವನು ಮೂಟೆ ಹೊತ್ತು ತಂದು ತಕ್ಕಡಿಗೆ ಇಡುತ್ತಾನೆ, ಜಯಪ್ಪ ತೂಗುತ್ತಾನೆ.

ಸೈಕಲ್ ನಂಬಿ ಕೆಲಸಕ್ಕೆ ಹೋಗುವ ಅಣ್ಣತಮ್ಮಂದಿರೇ, ಅವರನ್ನು ಕಳಿಸಿ ದಾರಿ ಕಾಯುವ ತಾಯಂದಿರೇ, ಇವತ್ತೇ ನಿಮ್ಮ ಸೈಕಲ್ಲಿನ ಹತ್ತಿರ ಹೋಗಿ ನೋಡಿ. ಅದನ್ನು ಎತ್ತಿನಂತೆ ಕೆರೆಗೆ ಇಳಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಬಟ್ಟೆಯಲ್ಲಿ ತೇವ ತೆಗೆಯಿರಿ. ಇಬ್ಬನಿಯಲ್ಲಿ ನಿಲ್ಲಿಸಬೇಡಿ. ಅಡುಗೆಮನೆಯ ಎಣ್ಣೆ ಯಾವುದೂ ಬೇಡ, ಮಿಶನ್ ಎಣ್ಣೆ ನಾಲ್ಕು ತೊಟ್ಟು ಸಾಕು. ಬ್ರೇಕಿನ ರಬ್ಬರಿಗೂ ಅದು ಹಿಡಿಯುವ ಚಕ್ರದ ಅಂಚಿಗೂ ಮಾತ್ರ ಒಂದು ತೊಟ್ಟೂ ತಾಗಬಾರದು. ಕಣದ ಹೊಟ್ಟಿನ ದಾರಿಯಲ್ಲಿ ಓಡಾಡಿದ ದಿನ ಚೈನು ಒರೆಸದೆ ಮಲಗಬೇಡಿ. ಬೆಳಿಗ್ಗೆ ಹೊರಡುವ ಮುಂಚೆ ಟೈರು ಒತ್ತಿ ನೋಡಿ, ಚಳಿಗೆ ಗಾಳಿ ಇಳಿದಿರುತ್ತದೆ. ಬಲ್ಲವರು ಹೇಳಿದರೆ ಕೇಳಿ. ಮನೆಯ ಹೆಂಗಸು ಹೇಳಿದರೂ ಕೇಳಿ.

ಸಂಕ್ರಾಂತಿ ಬಂದು ಹೋಯಿತು. ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ಕೊಟ್ಟ ಮಾತನ್ನು ಗಂಡನೂ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ. ಹಳೆಯ ಕಡ್ಡಿ ಮುರಿದಿತ್ತು. ಲೋಕಮ್ಮ ಪೊರಕೆಯಿಂದ ಹೊಸದೊಂದನ್ನು ಕಿತ್ತು, ಅಳತೆಗೆ ಮುರಿದು, ಕಿವಿಗೆ ಸಿಕ್ಕಿಸಿಕೊಂಡಳು.